ಬೇಲಿ ಖರ್ಚು ಕೇಳುವ ಮುಂಚೆ

ಅಳಿಯಾ,

ತಿಪಟೂರು ಕಡೆಯ ನಿಮ್ಮ ನಾಲ್ಕು ಎಕರೆಗೆ ಬೇಲಿ ಹಾಕಿಸ್ತೀನಿ, ಪಡುವಲ ಹೊಲದವರು ಅರ್ಧ ಖರ್ಚು ಕೊಡಲಿ ಅಂತ ಹೇಳಿಕಳಿಸ್ತೀನಿ ಅಂದೆಯಂತೆ. ನಿಮ್ಮಮ್ಮ ಫೋನಲ್ಲಿ ಹೇಳಿದಳು. ಬೇಲಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಡಿಕೆ ಸಸಿ ನೆಟ್ಟು ಬೆಂಗಳೂರಲ್ಲಿ ಕೂತವನಿಗೆ ಬೇಲಿ ಇಲ್ಲದೆ ನಿದ್ದೆ ಹೇಗೆ ಬರಬೇಕು? ಅರ್ಧ ಖರ್ಚು ಕೇಳುವುದೂ ತಪ್ಪಲ್ಲ. ಆ ‘ಹೇಳಿಕಳಿಸ್ತೀನಿ’ ಅನ್ನುವುದು ಮಾತ್ರ ನನಗೆ ಸರಿಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ, ಯಾಕೆಂದರೆ ನೀನು ಮೊಬೈಲಲ್ಲಿ ಏನೇನೋ ಓದಿಕೊಂಡಿರುತ್ತೀಯ. ನಿನ್ನ ಅಕ್ಕ ಇರುವ ನ್ಯೂಜಿಲೆಂಡಿನಲ್ಲಿ ಬೇಲಿಗೆ ಅಂತಲೇ 1978ರ ಕಾಯ್ದೆ ಒಂದಿದೆ. ಪಕ್ಕದವರಿಗೆ ನೋಟಿಸು ಕೊಡುವುದು, 21 ದಿನದೊಳಗೆ ಅವರು ತಕರಾರು ಎತ್ತದಿದ್ದರೆ ಒಪ್ಪಿದ ಹಾಗೆ. ಸಾಧಾರಣವಾಗಿ ಸಾಕಾಗುವಂಥ ಬೇಲಿಯ ಖರ್ಚು ಇಬ್ಬರಿಗೂ ಸಮ. ಆಸ್ಟ್ರೇಲಿಯಾದ ರಾಜ್ಯಗಳಲ್ಲೂ ಇಂಥ ಕಾಯ್ದೆಗಳಿವೆ. ನಮ್ಮ ಹೊಲಗಳಿಗೆ ಅಂಥದ್ದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಗಡಿಕಲ್ಲು ಕಾಪಾಡಿಕೊಳ್ಳುವ ಹೊಣೆಯನ್ನು ಹಿಡುವಳಿದಾರನ ಮೇಲೆ ಹಾಕುತ್ತದೆ, ಕಲ್ಲು ಕಿತ್ತವನಿಗೆ ದಂಡ ಹೇಳುತ್ತದೆ. ಎರಡು ಕಲ್ಲಿನ ನಡುವೆ ನೀನು ತಂತಿ ಎಳೆಸಿದ ಖರ್ಚಿಗೆ ಪಕ್ಕದವರು ಪಾಲುದಾರರು ಅಂತ ಹೇಳುವುದಿಲ್ಲ. ಅಂದಮೇಲೆ ಅವರು ಮನಸಾರೆ ಒಪ್ಪಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗ ಅವರ ಬದಿನ ಮೇಲೆ ನಿಂತು ನೋಡು. ಅವರದು ಎರಡು ಎಕರೆ ರಾಗಿ, ನಡುನಡುವೆ ಅಕ್ಕಡಿ ಸಾಲಿನ ಅವರೆ, ಅಂಚಿಗೆ ಒಂದಷ್ಟು ತೆಂಗು, ಎರಡು ಹಸು. ನಿಮ್ಮಪ್ಪ ಹೋದಮೇಲೆ ನಿಮ್ಮ ಹೊಲ ಬೀಳುಬಿದ್ದಿತ್ತಲ್ಲ, ಆ ಹಸುಗಳು ಅಲ್ಲೇ ಮೇಯುತ್ತಿದ್ದವು. ಬದಿನ ಹುಲ್ಲನ್ನು ಆ ಮನೆಯಾಕೆ ಕೊಯ್ದು ಹೊರೆ ಕಟ್ಟಿಕೊಂಡು ಹೋಗುತ್ತಿದ್ದರು. ಯಾರೂ ಕೊಟ್ಟದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ. ನಿನ್ನ ಬೇಲಿ ಎದ್ದ ದಿನ ಅದು ನಿಂತುಹೋಗುತ್ತದೆ. ಬೇಲಿಯಿಂದ ನಿನಗೆ ಉಳಿಯುವುದು ಸಸಿ. ಅವರಿಗೆ ಹೋಗುವುದು ಮೇವು. ಹೀಗೆ ಕಳೆದುಕೊಳ್ಳುವವರ ಹತ್ತಿರವೇ ಅರ್ಧ ದುಡ್ಡು ಕೇಳಲು ಹೊರಟಿದ್ದೀಯ.

‘ಕಾಡುಹಂದಿ ಕಾಟ ಇಬ್ಬರಿಗೂ ಇದೆಯಲ್ಲ ಮಾವ’ ಅನ್ನಬಹುದು. ಇದೆ. ಆದರೆ ಐದು ಎಳೆ ಮುಳ್ಳುತಂತಿಗೆ ಹಂದಿ ಹೆದರುವುದಿಲ್ಲ. ಮೂತಿಯಲ್ಲಿ ಮಣ್ಣು ಮಗುಚಿ ಕೆಳಗಿನ ಎಳೆಯ ಅಡಿಯಿಂದ ನುಗ್ಗುತ್ತೆ. ಹಂದಿ ನಿಲ್ಲಬೇಕಾದರೆ ಕೆಳಭಾಗಕ್ಕೆ ಗಟ್ಟಿ ಜಾಲರಿ ಬೇಕು, ಜಾಲರಿಯ ಬುಡ ಮಣ್ಣಿನಲ್ಲಿ ಹೂತಿರಬೇಕು. ಹಂದಿಯ ಹೆಸರು ಹೇಳಿ ದನ ತಡೆಯುವ ತಂತಿಗೆ ದುಡ್ಡು ಕೇಳಿದರೆ, ಹೊಲದಲ್ಲೇ ಕೂದಲು ಹಣ್ಣಾದ ಮನುಷ್ಯ ಎದುರಿಗೆ ಏನೂ ಅನ್ನದೆ ಒಳಗೇ ನಗುತ್ತಾರೆ. ನವಿಲಿನ ಮಾತಂತೂ ಎತ್ತಲೇಬೇಡ. ಅದು ನಿನ್ನ ಬೇಲಿಯ ಮೇಲೆ ಕೂತೇ ಅವರ ಅವರೆಕಾಯಿ ನೋಡುತ್ತದೆ.

ಹೇಳಿಕಳಿಸಬೇಡ, ವಾಟ್ಸಾಪ್ ಬೇಡ, ನೀನೇ ಹೋಗು. ಸಂಕ್ರಾಂತಿ ಕಳೆಯಲಿ. ಅಷ್ಟು ಹೊತ್ತಿಗೆ ಒಕ್ಕಣೆ ಮುಗಿದಿರುತ್ತೆ, ಹೊಲ ಬರಿದಾಗಿ ಬದು ಕಣ್ಣಿಗೆ ಕಾಣುತ್ತೆ, ಅವರಿಗೂ ಕೂತು ಮಾತಾಡುವಷ್ಟು ಬಿಡುವಿರುತ್ತೆ. ಬಿತ್ತನೆ ಬೀಜ, ಗೊಬ್ಬರ ಅಂತ ಕೈ ಖಾಲಿಯಾಗಿರುವ ಮುಂಗಾರಿನಲ್ಲಿ ಬೇಲಿ ಮಾತು ಎತ್ತಿದರೆ ‘ಆಗಲ್ಲ’ ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ; ಒಂದು ಸಲ ಆಗಲ್ಲ ಅಂದವರಿಗೆ ಆಮೇಲೆ ಆಗಲಿ ಅನ್ನುವುದು ಕಷ್ಟ. ಆಫೀಸಿನ ರೂಢಿಯಲ್ಲಿ ‘ಸಾರ್’ ಅನ್ನಬೇಡ. ನಿಮ್ಮಪ್ಪ ಅವರನ್ನು ಅಣ್ಣಾ ಅಂತಿದ್ದರು, ನಿನಗೆ ದೊಡ್ಡಪ್ಪ. ಮತ್ತೆ, ಯಜಮಾನರೊಬ್ಬರ ಹತ್ತಿರವೇ ಮಾತು ಮುಗಿಸಿ ಎದ್ದು ಬರಬೇಡ. ಹುಲ್ಲು ಕೊಯ್ಯುವವರು ದೊಡ್ಡಮ್ಮ, ಹಸು ಹೊಡೆದುಕೊಂಡು ಹೋಗುವವರು ದೊಡ್ಡಮ್ಮ. ಅವರು ಜಗಲಿಯ ಮೇಲಿರುವಾಗ ಮಾತಾಡು. ‘ದೊಡ್ಡಪ್ಪಾ, ಸಸಿ ಹಾಕಿದೀನಿ, ಬೇಲಿ ಮಾಡಿಸ್ಬೇಕು ಅಂತಿದೀನಿ. ನಿಮಗೆ ಹೆಂಗೆ ಬಂದ್ರೆ ಅನುಕೂಲ?’ ಇಷ್ಟು ಕೇಳಿ ಸುಮ್ಮನೆ ಕೂತುಕೋ. ಅವತ್ತು ದುಡ್ಡಿನ ಸುದ್ದಿ ಬೇಡ.

ಯಾಕೆಂದರೆ ದುಡ್ಡಿಗಿಂತ ಮುಂಚೆ ಗೆರೆ ಸರಿಯಾಗಬೇಕು. ನಾನು ಕಂಡ ಬೇಲಿ ಜಗಳಗಳು ಬಹುಮಟ್ಟಿಗೆ ಖರ್ಚಿನ ಹೆಸರಲ್ಲಿ ಶುರುವಾದ ಗಡಿ ಜಗಳಗಳೇ. ‘ಅರ್ಧ ಕೊಡು’ ಅಂದರೆ ‘ಮೊದಲು ನನ್ನ ಜಾಗದಿಂದ ಕಂಬ ತೆಗಿ’ ಅನ್ನುತ್ತಾರೆ. ಹಾಗಾಗಿ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕು. ಅರ್ಜಿ ಮೋಜಿಣಿಯಲ್ಲಿ ದಾಖಲಾಗಿ, ಸರದಿ ಬಂದಾಗ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ನೋಟಿಸು ಕೊಟ್ಟು ಬರುತ್ತಾರೆ. ಮೂಲ ಸರ್ವೆಯ ಟಿಪ್ಪಣಿ ಹಿಡಿದು ಅಳೆದು ಗಡಿ ತೋರಿಸುತ್ತಾರೆ, ಮಹಜರು ಬರೆಯುತ್ತಾರೆ. ಪಹಣಿಯ ಒಂಬತ್ತನೇ ಕಲಮಿನಲ್ಲಿ ನಿನ್ನ ಹೆಸರಿನ ಜೊತೆ ಚಿಕ್ಕಪ್ಪಂದಿರ ಹೆಸರೂ ಒಟ್ಟಿಗೇ ಇದ್ದು ಪೋಡಿ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೋ. ನಿನ್ನ ಪಾಲು ಎಲ್ಲಿಂದ ಎಲ್ಲಿಗೆ ಅಂತ ಮನೆಯವರಿಗೇ ಗೊತ್ತಿಲ್ಲದಾಗ ಪಕ್ಕದವರಿಗೆ ಏನಂತ ತೋರಿಸುತ್ತೀಯ?

ಸರ್ವೆಗೆ ಹಾಕಿದ್ದೀನಿ ಅನ್ನುವುದನ್ನು ನೋಟಿಸು ತಲುಪುವ ಮುಂಚೆ ನೀನೇ ಬಾಯಲ್ಲಿ ಹೇಳು. ‘ನಿಮ್ಮ ಮೇಲೆ ಅನುಮಾನ ಅಂತ ಅಲ್ಲ ದೊಡ್ಡಪ್ಪಾ, ಕಂಬ ನೆಟ್ಟಮೇಲೆ ಕೀಳೋದು ಬೇಡ ಅಂತ’ ಅಂದರೆ ಸಾಕು. ಸರ್ಕಾರದ ಮುದ್ರೆ ಇರುವ ಕಾಗದ ಮೊದಲು ಮನೆಗೆ ಬಂದು, ನೀನು ಆಮೇಲೆ ಬಂದರೆ, ಎಷ್ಟೇ ಸಕ್ಕರೆ ಹಾಕಿದ ಮಾತೂ ಕಹಿಯಾಗುತ್ತೆ. ಅಳತೆ ದಿನ ಎಲೆ ಅಡಿಕೆ, ಕಾಫಿ, ತಿಂಡಿ ನಿನ್ನದು. ಅಳೆಯುವಾಗ ಕಲ್ಲಿನ ಪಕ್ಕ ಅವರು ನಿಂತಿರಲಿ. ಊರಲ್ಲಿ ನೆನಪಿರುವ ಇನ್ನೊಬ್ಬ ಹಿರಿಯರು ಬಂದರೆ ಇನ್ನೂ ಒಳ್ಳೇದು. ನಿನ್ನ ಮೊಬೈಲಿನ ದಿಶಾಂಕ್ ತೆಗೆದು ‘ಇಲ್ಲಿ ನೋಡಿ, ನಿಮ್ಮ ತೆಂಗಿನಮರ ನಮ್ಮ ನಂಬರಲ್ಲಿದೆ’ ಅಂತ ತೋರಿಸಲು ಹೋಗಬೇಡ. ನಿಂತ ಜಾಗದ ಸರ್ವೆ ನಂಬರ್ ಯಾವುದು ಅಂತ ತಿಳಿಯಲು ಅದು ಬಹಳ ಅನುಕೂಲ. ಆದರೆ ಫೋನಿನ ಜಿಪಿಎಸ್ ಮೀಟರುಗಟ್ಟಲೆ ಅತ್ತಿತ್ತ ಆಗುತ್ತೆ, ಅದನ್ನು ನಂಬಿ ಕಂಬ ನೆಡುವಂತಿಲ್ಲ.

ಅಳತೆಯಲ್ಲಿ ಅಡಿ ಅರ್ಧ ಅಡಿ ಆಚೀಚೆ ಬಂದೇ ಬರುತ್ತೆ. ಆಗ ಏನು ಮಾಡುತ್ತೀಯ ಅನ್ನುವುದನ್ನು ಈಗಲೇ ಯೋಚಿಸು. ನಿಮ್ಮಿಬ್ಬರ ನಡುವಿನ ಬದು 330 ಅಡಿ ಉದ್ದ ಅಂತ ಇಟ್ಟುಕೋ, ಅಂದರೆ 33 ಅಡಿಯ ಸರಪಳಿಯಲ್ಲಿ ಹತ್ತು. ಉದ್ದಕ್ಕೂ ಒಂದು ಅಡಿ ಅವರ ಕಡೆ ಹೋಯಿತು ಅಂದರೂ 330 ಚದರಡಿ. ಒಂದು ಗುಂಟೆಗೆ 1,089 ಚದರಡಿ. ಗುಂಟೆಯ ಮೂರನೇ ಒಂದು ಪಾಲೂ ಆಗುವುದಿಲ್ಲ. ಇಷ್ಟಕ್ಕೆ ದಾವೆ ಹೂಡಿ, ವಕೀಲರ ಫೀಸು, ವಾಯಿದೆ, ಬಸ್ಸು, ಹೋಟೆಲ್ ಊಟ ಅಂತ ಒಂದು ಎಕರೆಯನ್ನೇ ಕರಗಿಸಿದವರನ್ನು ನಮ್ಮ ಸೀಮೆಯಲ್ಲಿ ಬೇಕಾದಷ್ಟು ತೋರಿಸುತ್ತೇನೆ. ಇಬ್ಬರೂ ಒಪ್ಪಿದರೆ ಬೇಲಿ ಸ್ವಲ್ಪ ಅತ್ತಿತ್ತ ಬರಲಿ, ಅಂಚಿನ ತೆಂಗಿನಮರ ಕಡಿಯದೆ ಬಳಸಿಕೊಂಡು ಹೋಗಲಿ. ಆದರೆ ಕಾಗದದಲ್ಲಿ ಒಂದು ಸಾಲು ಬರೆಸು: ಬೇಲಿ ಇಬ್ಬರ ಅನುಕೂಲಕ್ಕೆ ಒಪ್ಪಿ ಹಾಕಿದ್ದು, ಗಡಿ ಮಾತ್ರ ಸರ್ವೆ ಕಲ್ಲಿನ ಪ್ರಕಾರ. 1963ರ ಕಾಲಮಿತಿ ಕಾಯ್ದೆಯ 12 ವರ್ಷದ ಲೆಕ್ಕ ಹಿಡಿದು ‘ಇಲ್ಲಿವರೆಗೂ ನಮ್ಮ ಸ್ವಾಧೀನ’ ಅಂತ ನಾಳೆ ಅವರ ಮೊಮ್ಮಕ್ಕಳೋ ನಿನ್ನ ಮಕ್ಕಳೋ ವಾದ ಹೂಡಬಾರದಲ್ಲ. ಒಪ್ಪಿಗೆಯಿಂದ ಬಿಟ್ಟ ಜಾಗ ಅಂತ ಬರಹವಿದ್ದರೆ ಆ ವಾದಕ್ಕೆ ಕಾಲು ಊರಲು ಜಾಗವಿರುವುದಿಲ್ಲ.

ಇನ್ನು ಹಣ.

ಒಟ್ಟು ಬಿಲ್ಲು ತೋರಿಸಿ ಅರ್ಧ ಅನ್ನಬೇಡ. ನಿನಗೆ ಬೇಕಾಗಿರುವುದು ಚೈನ್‌ಲಿಂಕ್ ಮೆಶ್ಶು, ಮೇಲೆ ಎರಡು ಎಳೆ ಮುಳ್ಳುತಂತಿ, ಕಬ್ಬಿಣದ ಗೇಟು. ಅವರು ಒಬ್ಬರೇ ಬೇಲಿ ಹಾಕಿಸುವುದಾಗಿದ್ದರೆ ಏನು ಹಾಕಿಸುತ್ತಿದ್ದರು? ಹತ್ತು ಅಡಿಗೊಂದು ಕಲ್ಲುಕೂಚ, ನಾಲ್ಕೋ ಐದೋ ಎಳೆ ತಂತಿ. ಅದರ ಖರ್ಚು ಎಷ್ಟಾಗುತ್ತಿತ್ತೋ ಅದರಲ್ಲಿ ಅರ್ಧ ಅವರ ಪಾಲು. ಮೇಲಿನದೆಲ್ಲ ನಿನ್ನ ಚಪಲ, ನಿನ್ನ ಜೇಬು. ಲೆಕ್ಕ ಸುಲಭವಾಗಲಿ ಅಂತ ಹೇಳುತ್ತೇನೆ: ತಂತಿ ಬೇಲಿಗೆ 60,000 ಆಗಿ ನಿನ್ನ ಮೆಶ್ಶಿಗೆ ಒಂದು ಲಕ್ಷ ಆದರೆ, ಅವರನ್ನು ಕೇಳಬೇಕಾದದ್ದು 30,000, ಐವತ್ತಲ್ಲ. ಮೇವು ಹೋಗುವ ಮಾತು ಆಗಲೇ ಹೇಳಿದೆನಲ್ಲ, ಅದನ್ನೂ ಮನಸ್ಸಿನಲ್ಲಿಟ್ಟು ಇನ್ನೂ ಸ್ವಲ್ಪ ಇಳಿಸಿದರೆ ನೀನು ಬಡವನಾಗುವುದಿಲ್ಲ.

ಅವರ ಕೈಯಲ್ಲಿ ಅಷ್ಟೂ ನಗದು ಇರುತ್ತೆ ಅಂತಲೂ ಅಂದುಕೊಳ್ಳಬೇಡ. ಕೊಬ್ಬರಿ ಮಾರಿದಮೇಲೆ ಕೊಡ್ತೀನಿ ಅಂದರೆ ಹೂಂ ಅನ್ನು. ದುಡ್ಡಿಲ್ಲ, ಆಳು ಕೊಡ್ತೀನಿ ಅಂದರೆ ಅದು ಇನ್ನೂ ಒಳ್ಳೇದು. 330 ಅಡಿಗೆ ಹತ್ತು ಅಡಿಗೊಂದರಂತೆ 34 ಕಂಬ. ಅಷ್ಟು ಗುಂಡಿ ತೋಡಬೇಕು, ಒಂದೊಂದೂ ಒಂದೂವರೆ ಎರಡು ಅಡಿ ಆಳ. ಐದು ಎಳೆ ಅಂದರೆ 1,650 ಅಡಿ ತಂತಿ, ಗಂಟು ತಿರುವಿಗೆ ಹೋಗುವುದು ಬೇರೆ. ಗುಂಡಿ ತೋಡುವುದು, ಕಲ್ಲು ನಿಲ್ಲಿಸುವುದು, ಬುಡಕ್ಕೆ ಕಲ್ಲುಚೂರು ಹಾಕಿ ಗುದ್ದುವುದು, ತಂತಿ ಎಳೆದು ಕಟ್ಟುವುದು, ಇಷ್ಟರಲ್ಲಿ ಅವರ ಇಬ್ಬರು ಮಕ್ಕಳ ಕೂಲಿ ಅವರ ಪಾಲಿನ ಒಳ್ಳೇ ಭಾಗ ತೀರಿಸಿಬಿಡುತ್ತೆ. ಊರಲ್ಲಿ ನಡೆಯುವ ಕೂಲಿ ದರವನ್ನೇ ಬರೆದುಕೋ, ಅವರ ಮುಂದೆಯೇ ಬರೆದುಕೋ. ಮನೆಯವರು ತಾನೇ ಅಂತ ಕಮ್ಮಿ ಹಿಡಿಯಬೇಡ. ತಂತಿ ತೂಕದ ಲೆಕ್ಕದಲ್ಲಿ ಮಾರುತ್ತಾರೆ, ಗೇಜು ನೋಡಿ ತಗೋ. ಅಂಗಡಿಗೆ ಹೋಗುವಾಗ ಅವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗು, ಬೆಲೆ ಅವರ ಕಿವಿಗೇ ಬೀಳಲಿ. ಮೂಲೆ ಕಂಬಕ್ಕೆ ಎರಡೂ ಕಡೆ ಒತ್ತುಕಲ್ಲು ಕೊಡಿಸುವುದನ್ನು ಮರೆಯಬೇಡ. ಕಂಟ್ರಾಕ್ಟಿನವರು ಉಳಿಸಲು ನೋಡುವುದು ಅಲ್ಲೇ. ಮೂಲೆ ವಾಲಿತು ಅಂದರೆ ಎಳೆಗಳೆಲ್ಲ ಜೋತುಬೀಳುತ್ತವೆ.

ಆಳು ಕೊಡುವುದು ಒಳ್ಳೇದು ಅಂದೆನಲ್ಲ, ನಿನಗೆ ನಾನು ಹೇಳಬೇಕಾದದ್ದು ಮುಖ್ಯವಾಗಿ ಇದೇ. ನಿನಗೆ ಅವರ ಮೂವತ್ತು ಸಾವಿರಕ್ಕಿಂತ ಅವರ ಕಣ್ಣು ಬೇಕು. ನೀನು ಇರುವುದು ಬೆಂಗಳೂರಲ್ಲಿ. ತಿಂಗಳಿಗೆ ಎರಡು ಭಾನುವಾರ ಬಂದರೆ ಹೆಚ್ಚು. ಮಿಕ್ಕ ದಿನವೆಲ್ಲ ಆ ಬೇಲಿಯ ಪಕ್ಕ ಓಡಾಡುವವರು ಅವರೇ. ಮಳೆಗೆ ಕಂಬ ವಾಲಿದರೆ ಮೊದಲು ಕಾಣುವುದು ಅವರಿಗೆ. ಯಾರೋ ಕುರಿಯವರು ತಂತಿ ಎತ್ತಿ ಮಂದೆ ನುಗ್ಗಿಸಿದರೆ ಕೂಗು ಹಾಕಬೇಕಾದವರು ಅವರು. ಗುಂಡಿ ತೋಡಿದ ಹುಡುಗ ‘ನಾವು ನೆಟ್ಟ ಕಂಬ’ ಅನ್ನುತ್ತಾನೆ, ವಾಲಿದ್ದನ್ನು ಕಂಡರೆ ಕಾಲಲ್ಲಾದರೂ ಮಣ್ಣು ಒತ್ತುತ್ತಾನೆ. ನೀನೇ ಪೂರಾ ಖರ್ಚು ಹಾಕಿ, ಅವರನ್ನು ಒಂದು ಮಾತೂ ಕೇಳದೆ ಹಾಕಿಸಿದ ಬೇಲಿ ‘ಬೆಂಗಳೂರಿನವರ ಬೇಲಿ’ ಆಗುತ್ತೆ. ಅದರ ತಂತಿ ಯಾವತ್ತು ಸಡಿಲವಾಯಿತು ಅಂತ ಊರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅವರು ಏನೂ ಕೊಡಲಾಗಲ್ಲ ಅಂದರೂ ಕೋಪ ಮಾಡಿಕೊಳ್ಳದೆ, ಗುದ್ದಲಿ ಪೂಜೆ ಮಾಡಿ ಮೊದಲ ಗುಂಡಿಗೆ ಹಾರೆ ಹಾಕಿ ಅಂತ ಅವರನ್ನೇ ಕರೆ. ನಿನ್ನ ಅತ್ತೆ ಇದನ್ನು ಓದಿ, ‘ಖರ್ಚು ಬಿಟ್ಟುಕೊಟ್ಟು ಪೂಜೆಗೂ ಕರೀಬೇಕಾ’ ಅಂತ ಕೇಳಿದಳು. ಹೌದು, ಕರೀಬೇಕು.

ಬದಿನ ಹುಲ್ಲು ಯಾರದು ಅನ್ನುವುದನ್ನು ಅಲ್ಲೇ ತೀರ್ಮಾನ ಮಾಡು. ನನ್ನ ಮಾತು ಕೇಳುವುದಾದರೆ ಪೂರಾ ದೊಡ್ಡಮ್ಮನಿಗೇ ಬಿಡು. ಬೇಲಿಯ ಬುಡ ನೀನು ದುಡ್ಡು ಕೊಡದೆಯೇ ಸ್ವಚ್ಛವಾಗಿರುತ್ತೆ, ಹಾವು ಹುಳದ ಭಯವೂ ಕಮ್ಮಿ. ಅವರ ತೆಂಗಿನಮರದ ಕಾಯಿ, ಗರಿ ನಿನ್ನ ಕಡೆ ಬೀಳುತ್ತವೆ. ಮರ ಯಾರದೋ ಕಾಯಿ ಅವರದು. ಹೆಕ್ಕಿಕೊಳ್ಳಲು ಒಳಗೆ ಬರಬೇಕಲ್ಲ, ಅದಕ್ಕೆ ಬೇಲಿಯ ನಡುವೆ ಒಂದು ಚಿಕ್ಕ ಗೇಟು ಇಡಿಸು, ಬೀಗ ಹಾಕುವುದಾದರೆ ಎರಡು ಕೀಲಿ. ನೀನು ತೆಂಗು ಇಡುವುದಾದರೆ ಗಡಿಯಿಂದ ಹದಿನೈದು ಅಡಿ ಒಳಗಿಡು.

ಕಲ್ಲು ತಂತಿ ದುಬಾರಿಯಾಯಿತು ಅಂತ ಜೀವಂತ ಬೇಲಿಗೆ ಮನಸ್ಸಾದರೆ ಅದೂ ಚೆನ್ನ. ಗ್ಲಿರಿಸಿಡಿಯಾ ಗೂಟ ಮಳೆಗಾಲದಲ್ಲಿ ನೆಟ್ಟರೆ ಚಿಗುರುತ್ತೆ, ಸೊಪ್ಪು ತೋಟಕ್ಕೆ ಗೊಬ್ಬರ. ಲಕ್ಕಿ, ಕತ್ತಾಳೆ ನಮ್ಮ ಸೀಮೆಗೆ ಹೊಸದಲ್ಲ. ಆದರೆ ಪಡುವಲ ಹೊಲಕ್ಕೆ ಬೆಳಗಿನ ಬಿಸಿಲು ಬರುವುದು ನಿನ್ನ ಕಡೆಯಿಂದ. ಗಿಡ ಎತ್ತರ ಬಿಟ್ಟರೆ ಅವರ ರಾಗಿಯ ಅಂಚಿನ ಸಾಲು ನೆರಳಿಗೆ ಸೊರಗುತ್ತೆ, ಬೇರು ಆ ಕಡೆಯೂ ನುಗ್ಗುತ್ತೆ. ವರ್ಷಕ್ಕೆ ಎಷ್ಟು ಸಲ, ಎಷ್ಟು ಎತ್ತರಕ್ಕೆ ಸವರಿಸುತ್ತೀಯ ಅಂತ ಮುಂಚೆಯೇ ಹೇಳಿ, ಹೇಳಿದ ಹಾಗೆ ಸವರಿಸು. ಮಳೆನೀರು ಹರಿಯುವ ಕಡೆ ಮಾತ್ರ ಕಟ್ಟೆ ಕಟ್ಟಿ ಮುಚ್ಚಬೇಡ. ನೀರು ದಾರಿ ತಪ್ಪಿ ಅವರ ಕಣಕ್ಕೆ ಹೋದರೆ ನಿನ್ನ ಅಷ್ಟೂ ಒಳ್ಳೇತನ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗುತ್ತೆ.

ನಕಾಶೆ ಕಂಡ ದಾರಿಗೆ ಅಡ್ಡ ಹಾಕಬೇಡ ಅಂತ ನಿನಗೆ ಬೇರೆ ಹೇಳಬೇಕಾಗಿಲ್ಲ. ಹಳ್ಳ, ಬಂಡಿದಾರಿ ಬಿ ಖರಾಬು ಅಂತ ಇದ್ದರೆ ಅದು ನಿನ್ನದೂ ಅಲ್ಲ ಅವರದೂ ಅಲ್ಲ. ನಕಾಶೆಯಲ್ಲಿ ಇಲ್ಲದೆ ರೂಢಿಯಲ್ಲಿ ನಡೆಯುತ್ತಿರುವ ಕಾಲುದಾರಿ ಇದ್ದರೂ ಏಕಾಏಕಿ ಮುಚ್ಚಬೇಡ. ಇಪ್ಪತ್ತು ವರ್ಷ ತಡೆಯಿಲ್ಲದೆ ಹಕ್ಕಿನಂತೆ ಓಡಾಡಿದ ದಾರಿಗೆ ಕಾನೂನೂ ಬೆಲೆ ಕೊಡುತ್ತೆ. ಕೆರೆಯ ಕಡೆ, ರಸ್ತೆ ಕಡೆ ಬೇಲಿ ಪೂರಾ ನಿನ್ನ ಖರ್ಚು. ಮೂಡಲ ಕಡೆಯವರ ಹತ್ತಿರವೂ ಇದೇ ಲೆಕ್ಕ ಇಟ್ಟುಕೋ, ಅವರಿಗೊಂದು ಇವರಿಗೊಂದು ಹೇಳಬೇಡ. ಸಂಜೆ ಹಾಲಿನ ಡೈರಿಯಲ್ಲಿ ಇಬ್ಬರೂ ಕ್ಯಾನು ಹಿಡಿದು ಒಂದೇ ಸಾಲಲ್ಲಿ ನಿಂತಿರುತ್ತಾರೆ.

ಬೇಲಿಗೆ ಕರೆಂಟು ಕೊಡುವ ಯೋಚನೆ ಯಾರಾದರೂ ತಲೆಗೆ ತುಂಬಿದರೆ ಅಲ್ಲೇ ಚಿವುಟಿಹಾಕು. ಲೈನಿನಿಂದ ನೇರ ತಂತಿ ಎಳೆದು ಬೇಲಿಗೆ ಕೊಡುವುದು ಕೊಲೆಗೆ ಸಮ. ಹಂದಿಗೆ ಇಟ್ಟದ್ದಕ್ಕೆ ಹುಲ್ಲು ಕೊಯ್ಯಲು ಬಂದ ಹೆಂಗಸು ಬಲಿಯಾದ ಸುದ್ದಿ ಪೇಪರಿನಲ್ಲಿ ಆಗಾಗ ಓದುತ್ತಲೇ ಇರುತ್ತೀವಿ. ಸೌರ ಬೇಲಿ ಬೇರೆ. ಅದಕ್ಕೆ ಎನರ್ಜೈಸರ್ ಅಂತ ಪೆಟ್ಟಿಗೆ ಇರುತ್ತೆ, ಸೆಕೆಂಡಿಗೊಮ್ಮೆ ಅನ್ನುವ ಹಾಗೆ ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತೆ. ಪ್ರಾಣಿ ಬೆದರಿ ಹಿಂದೆ ಸರಿಯುತ್ತೆ, ಸಾಯುವುದಿಲ್ಲ. ಅದನ್ನು ಹಾಕಿಸುವುದಾದರೂ ಪಕ್ಕದ ಮನೆಯ ಮಕ್ಕಳಿಗೂ ತೋರಿಸಿ, ಬೋರ್ಡು ನೇತುಹಾಕಿ, ಆಮೇಲೆ ಸ್ವಿಚ್ಚು ಹಾಕು.

ಕಾಗದ ದೊಡ್ಡದೇನೂ ಬೇಡ, ಒಂದು ಹಾಳೆ ಸಾಕು. ಎರಡೂ ಸರ್ವೆ ನಂಬರು, ಬೇಲಿಯ ಉದ್ದ, ಯಾರು ಎಷ್ಟು ದುಡ್ಡು ಎಷ್ಟು ಆಳು ಕೊಟ್ಟರು, ಮುಂದೆ ರಿಪೇರಿ ಬಂದರೆ ಯಾರ ಪಾಲು ಎಷ್ಟು, ಗೇಟಿನ ಕೀಲಿ, ಹುಲ್ಲು, ಕಾಯಿ, ಆಗಲೇ ಹೇಳಿದ ಗಡಿಕಲ್ಲಿನ ಸಾಲು. ಅವರ ಇಬ್ಬರು ಮಕ್ಕಳ ಸಹಿಯೂ ಇರಲಿ, ನಿಮ್ಮಮ್ಮನ ಸಹಿಯೂ ಇರಲಿ. ಎರಡು ಪ್ರತಿ ಮಾಡಿಸಿ ಒಂದನ್ನು ನೀನೇ ಅವರ ಮನೆಗೆ ಕೊಟ್ಟು ಬಾ. ‘ನಮ್ಮ ನಮ್ಮಲ್ಲಿ ಕಾಗದ ಯಾಕಪ್ಪಾ’ ಅಂತ ದೊಡ್ಡಪ್ಪ ಅನ್ನಬಹುದು. ‘ನಮಗಲ್ಲ ದೊಡ್ಡಪ್ಪಾ, ನಮ್ಮ ಹಿಂದೆ ಬರೋರಿಗೆ’ ಅನ್ನು.

ಬರುವ ಭಾನುವಾರ ಬರುವಾಗ ಹೊಸ ಪಹಣಿ ತೆಗೆಸಿಕೊಂಡು ಬಾ, ಟಿಪ್ಪಣಿ ನಕಲಿಗೆ ಅರ್ಜಿ ನಾನು ಕೊಟ್ಟಿರುತ್ತೇನೆ. ಕಲ್ಲುಕೂಚದ ಬೆಲೆ ಮೂರು ಕಡೆ ವಿಚಾರಿಸಿದ್ದೀನಿ; ಲಾರಿ ಬಾಡಿಗೆ ಸೇರಿಸಿದಮೇಲೆ ಹತ್ತಿರದ ಕ್ವಾರಿಯದೇ ಅಗ್ಗ ಬೀಳುತ್ತೆ. ದೊಡ್ಡಪ್ಪನ ಮನೆಗೆ ಹೋಗುವುದು ಮಾತ್ರ ನೀನೊಬ್ಬನೇ, ನಾನು ಬರುವುದಿಲ್ಲ.